ಮಾಲಿನ ಬಾಡಿಗೆ, ಬ್ಯಾಂಕಿನ ಕಂತು: ರಿಟೇಲ್ ಕಂಪನಿಯ ಲೆಕ್ಕ ನೋಡುವ ಬಗೆ

ಮುಂಬಯಿಯಲ್ಲಿ ಹೋಟೆಲು ನಡೆಸಿದ ಮನೆಯವರಿಗೆ ಒಂದು ಲೆಕ್ಕ ಯಾರೂ ಹೇಳಿಕೊಡದೆ ಬಂದಿರುತ್ತದೆ. ಗಲ್ಲೆಗೆ ಎಷ್ಟು ಬಿತ್ತು ಎಂದು ಕೇಳುವ ಮೊದಲು ಜಾಗದ ಬಾಡಿಗೆ ಎಷ್ಟು, ಕರಾರು ಎಷ್ಟು ವರ್ಷದ್ದು, ಮುಂದಿನ ಸಲ ಎಷ್ಟು ಏರುತ್ತದೆ ಎಂದು ಕೇಳುತ್ತಾರೆ. ಅದೇ ಮಾಟುಂಗಾ, ಡೊಂಬಿವಲಿಯ ಮಂದಿ ರಿಟೇಲ್ ಕಂಪನಿಯ ಷೇರು ಕೊಳ್ಳುವಾಗ ಮಾತ್ರ ‘ಸಾಲವಿಲ್ಲದ ಕಂಪನಿ’ ಎಂಬ ಒಂದೇ ಮಾತಿಗೆ ಒಪ್ಪಿಬಿಡುತ್ತಾರೆ. ನೂರಾರು ಮಳಿಗೆಗಳನ್ನು ಬಾಡಿಗೆಗೆ ಹಿಡಿದ ಕಂಪನಿಗೆ ಬ್ಯಾಂಕ್ ಸಾಲ ಇಲ್ಲದಿರಬಹುದು, ಆದರೆ ತಿಂಗಳ ಮೊದಲ ವಾರ ಕೊಡಲೇಬೇಕಾದ ಹಣ ಇದ್ದೇ ಇರುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರೆ ಮಾತ್ರ ಕಂಪನಿಯ ನಿಜವಾದ ಭಾರ ಗೊತ್ತಾಗುತ್ತದೆ.

ಮೊದಲು ಬ್ಯಾಲೆನ್ಸ್ ಶೀಟ್. ಲೆಕ್ಕಪತ್ರದ ನಮೂನೆ ಹೇಳುವ ಕಂಪನಿ ಕಾಯ್ದೆಯ ಷೆಡ್ಯೂಲ್ 3ಕ್ಕೆ 2021ರಲ್ಲಿ ಆದ ತಿದ್ದುಪಡಿಯ ನಂತರ ಲೀಸ್ ಹೊಣೆಗೆ, ಅಂದರೆ ಕರಾರಿನಂತೆ ಮುಂದೆ ಕೊಡಬೇಕಾದ ಬಾಡಿಗೆಯ ಹೊಣೆಗೆ, ಅದರದ್ದೇ ಸಾಲು ಇದೆ, ದೀರ್ಘಾವಧಿಯ ಗುಂಪಿನಲ್ಲಿ ಒಂದು, ಒಂದು ವರ್ಷದೊಳಗಿನ ಗುಂಪಿನಲ್ಲಿ ಇನ್ನೊಂದು. ಅದೇ ತಿದ್ದುಪಡಿಯಿಂದ, ದೀರ್ಘಾವಧಿ ಸಾಲದಲ್ಲಿ ಬರುವ 12 ತಿಂಗಳೊಳಗೆ ಕಟ್ಟಬೇಕಾದ ಕಂತು ಅಲ್ಪಾವಧಿ ಸಾಲದ ಕೆಳಗೆ ಕೂತಿದೆ. ‘ಲಾಂಗ್ ಟರ್ಮ್ ಬಾರೋಯಿಂಗ್ಸ್’ ಎಂಬ ಒಂದೇ ಸಾಲು ನೋಡಿ ಸಾಲ ಇಳಿಯಿತು ಎಂದುಕೊಳ್ಳುವವರು ತಪ್ಪುವುದು ಇಲ್ಲೇ. ಇಳಿದದ್ದು ಈ ವರ್ಷದ ಕಂತಾಗಿ ಪಕ್ಕದ ಸಾಲಿಗೆ ಹೋಗಿರುತ್ತದೆ. ಸಾಲದ ಟಿಪ್ಪಣಿಯಲ್ಲಿ ಬಡ್ಡಿದರ, ಅಡಮಾನ, ಕಂತಿನ ವೇಳಾಪಟ್ಟಿ ಇರುತ್ತದೆ. ತೀರಿಸಲೇಬೇಕಾದ ಪ್ರಿಫರೆನ್ಸ್ ಷೇರುಗಳನ್ನೂ ಸಾಲವೆಂದೇ ಎಣಿಸಿ. ಅಂಗಸಂಸ್ಥೆಗೆ ಕೊಟ್ಟ ಗ್ಯಾರಂಟಿ ಸಂಭಾವ್ಯ ಹೊಣೆಯ ಟಿಪ್ಪಣಿಯಲ್ಲಿ ಸಿಗುತ್ತದೆ. ಸಾಲದ ಭಾಗ ಇಷ್ಟೇ, ಅದು ಕಷ್ಟದ್ದಲ್ಲ. ಕಷ್ಟ ಇರುವುದು ಲೀಸಿನಲ್ಲಿ.

2019ರ ಏಪ್ರಿಲ್ 1ರಿಂದ ಲೀಸಿನ ಲೆಕ್ಕ ಇಡುವ ಮಾನದಂಡ ಇಂಡ್ ಎಎಸ್ 116 ಜಾರಿಗೆ ಬಂತು. ಅದಕ್ಕೆ ಮೊದಲು ಬಾಡಿಗೆ ಬರೀ ಖರ್ಚಾಗಿತ್ತು. ಈಗ ಕಂಪನಿ ಮುಂದೆ ಕೊಡಬೇಕಾದ ಬಾಡಿಗೆಗಳನ್ನೆಲ್ಲ ಇಂದಿನ ಬೆಲೆಗೆ ಇಳಿಸಿ (ಅಷ್ಟು ಕಾಲದ ಬಡ್ಡಿ ಕಳೆದು) ಹೊಣೆಯೆಂದು ತೋರಿಸುತ್ತದೆ, ಅಷ್ಟಕ್ಕೇ ‘ಬಳಕೆಯ ಹಕ್ಕು’ ಎಂಬ ಆಸ್ತಿಯನ್ನೂ ಎದುರಿಗೆ ಇಡುತ್ತದೆ. ಬಾಡಿಗೆ ಎಂಬ ಖರ್ಚು ಮಾಯವಾಗಿ ಅದರ ಜಾಗದಲ್ಲಿ ಸವಕಳಿ ಮತ್ತು ಬಡ್ಡಿ ಬರುತ್ತವೆ.

ಒಂದು ಮಳಿಗೆಯನ್ನೇ ಹತ್ತಿರದಿಂದ ನೋಡೋಣ. ಉದಾಹರಣೆಗೆ ಠಾಣೆಯ ಒಂದು ಮಾಲ್ ಇಟ್ಟುಕೊಳ್ಳಿ. ತಿಂಗಳಿಗೆ 10 ಲಕ್ಷ, ಅಂದರೆ ವರ್ಷಕ್ಕೆ 1.20 ಕೋಟಿ ಬಾಡಿಗೆ. ಕರಾರು 9 ವರ್ಷದ್ದು, 3 ವರ್ಷಕ್ಕೊಮ್ಮೆ 15 ಶೇಕಡಾ ಏರಿಕೆ. ಎರಡನೆಯ ಮೂರು ವರ್ಷ 1.38 ಕೋಟಿ, ಕೊನೆಯ ಮೂರು ವರ್ಷ 1.587 ಕೋಟಿ. ಒಟ್ಟು ಕೊಡುವುದು 12.50 ಕೋಟಿ. ವರ್ಷದ ಕೊನೆಗೆ ಒಮ್ಮೆ ಕೊಡುವುದೆಂದು ಸರಳ ಮಾಡಿ 9 ಶೇಕಡಾ ದರದಲ್ಲಿ ಇಂದಿನ ಬೆಲೆಗೆ ಇಳಿಸಿದರೆ 8.13 ಕೋಟಿ. ದರ 11 ಶೇಕಡಾ ಹಿಡಿದರೆ ಹೊಣೆ 7.47 ಕೋಟಿಗೆ ಇಳಿಯುತ್ತದೆ. ಮಾಲಿನ ಮಾಲೀಕರಿಗೆ ಕೊಡುವುದರಲ್ಲಿ ಒಂದು ಪೈಸೆಯೂ ಬದಲಾಗಿಲ್ಲ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಅವಧಿಯದ್ದು. ಇಂಥ ಕರಾರಿನಲ್ಲಿ ಲಾಕ್-ಇನ್ ಸಾಮಾನ್ಯವಾಗಿ ಮೊದಲ ಕೆಲವೇ ವರ್ಷಗಳಿಗೆ ಇರುತ್ತದೆ, ಮೂರು ವರ್ಷ ಎಂದಿಟ್ಟುಕೊಳ್ಳಿ. ಆಮೇಲೆ ಬಾಡಿಗೆಗೆ ಇರುವವರು ನೋಟಿಸ್ ಕೊಟ್ಟು ಹೊರಡಬಹುದು. ಎಷ್ಟು ವರ್ಷ ಉಳಿಯುವುದು ಸಾಕಷ್ಟು ಖಚಿತ ಎಂಬುದನ್ನು ಕಂಪನಿಯ ಆಡಳಿತವೇ ತೀರ್ಮಾನಿಸಬೇಕೆಂದು ನಿಯಮ ಹೇಳುತ್ತದೆ. ಒಂದು ಕಂಪನಿ 9 ವರ್ಷ ಹಿಡಿದು 8.13 ಕೋಟಿ ತೋರಿಸಿದರೆ, ಇನ್ನೊಂದು ಲಾಕ್-ಇನ್ ಅಷ್ಟೇ ಹಿಡಿದು 3.04 ಕೋಟಿ ತೋರಿಸುತ್ತದೆ. ಅದೇ ಮಾಲು, ಅದೇ ಮಹಡಿ, ಅದೇ ಬಾಡಿಗೆ. ಆದ್ದರಿಂದ ಎರಡು ಕಂಪನಿಗಳ ಲೀಸ್ ಹೊಣೆಯನ್ನು ಹಾಗೇ ಅಕ್ಕಪಕ್ಕ ಇಟ್ಟು ಹೋಲಿಸಬೇಡಿ. ವರ್ಷದಲ್ಲಿ ಕೊಟ್ಟ ಬಾಡಿಗೆಯಿಂದ ಲೀಸ್ ಹೊಣೆಯನ್ನು ಭಾಗಿಸಿ: ಮೊದಲನೆಯದಕ್ಕೆ 6.8 ಬರುತ್ತದೆ, ಎರಡನೆಯದಕ್ಕೆ 2.5. ಈ ಸಂಖ್ಯೆ ಚಿಕ್ಕದಿದ್ದರೆ ಕಂಪನಿ ಕಡಿಮೆ ಅವಧಿ ಹಿಡಿದಿದೆ, ಇಲ್ಲವೇ ಅದರ ಕರಾರುಗಳು ಮುಗಿಯುತ್ತ ಬಂದಿವೆ ಎಂದರ್ಥ. ಯಾವುದೆಂದು ತಿಳಿಯಲು ಲೆಕ್ಕಪತ್ರ ನೀತಿಯ ಟಿಪ್ಪಣಿ ಓದಬೇಕು.

ಮೊದಲ ವರ್ಷದ ಲಾಭ-ನಷ್ಟ ನೋಡಿ. ಸವಕಳಿ 90 ಲಕ್ಷ, ಬಡ್ಡಿ 73 ಲಕ್ಷ, ಒಟ್ಟು 1.63 ಕೋಟಿ. ಕೊಟ್ಟ ಬಾಡಿಗೆ 1.20 ಕೋಟಿ ಮಾತ್ರ. ಹೊಸ ಮಳಿಗೆಗಳನ್ನು ವೇಗವಾಗಿ ತೆರೆಯುವ ಕಂಪನಿಯ ಲಾಭ ಇದರಿಂದ ಇರುವುದಕ್ಕಿಂತ ಸಪ್ಪೆಯಾಗಿ ಕಾಣುತ್ತದೆ, ಹಳೆಯ ಮಳಿಗೆಗಳ ಕಂಪನಿಯದ್ದು ಕಳೆಕಟ್ಟುತ್ತದೆ. ಇನ್ನು ಮೂರು ವರ್ಷ ಮುಗಿದಾಗ ಆಸ್ತಿ 5.42 ಕೋಟಿಗೆ ಸವೆದಿರುತ್ತದೆ, ಹೊಣೆ ಮಾತ್ರ 6.60 ಕೋಟಿ ಉಳಿದಿರುತ್ತದೆ. ಆ ದಿನ ಕರಾರು ಬಿಟ್ಟರೆ, ಅಥವಾ ಅವಧಿಯ ಅಂದಾಜು ಬದಲಿಸಿ ಎರಡನ್ನೂ ಪುಸ್ತಕದಿಂದ ತೆಗೆದರೆ, 1.18 ಕೋಟಿ ‘ಲಾಭ’ ಹುಟ್ಟುತ್ತದೆ. ಕೈಗೆ ಬಂದದ್ದು ಏನೂ ಇಲ್ಲ. 2024ರ ಮಾರ್ಚ್ ತ್ರೈಮಾಸಿಕದಲ್ಲಿ ಟಾಟಾ ಗುಂಪಿನ ರಿಟೇಲ್ ಕಂಪನಿ ಟ್ರೆಂಟ್ ಲೀಸ್ ಅಂದಾಜುಗಳನ್ನು ಮರುಪರಿಶೀಲಿಸಿದಾಗ ಬಂದ ದೊಡ್ಡ ಮೊತ್ತವನ್ನು ವಿಶೇಷ ಬಾಬತ್ತೆಂದು ಬೇರೆಯಾಗಿ ತೋರಿಸಿತ್ತು. ಹಾಗೆ ಬೇರೆ ತೋರಿಸಿದ್ದೇ ಸರಿ. ಓದುವವರೂ ಅದನ್ನು ಲಾಭದಿಂದ ತೆಗೆದೇ ಎಣಿಸಬೇಕು.

ಹಾಗಾದರೆ ಯಾವುದನ್ನು ನಂಬುವುದು? ನಗದು ಹರಿವಿನ ಪಟ್ಟಿಯನ್ನು. ಹಣಕಾಸು ಚಟುವಟಿಕೆಗಳ ಭಾಗದಲ್ಲಿ ಲೀಸ್ ಹೊಣೆಯ ಅಸಲು ಮತ್ತು ಅದರ ಬಡ್ಡಿ ಕೊಟ್ಟದ್ದು ಇರುತ್ತದೆ. ಕೆಲವು ಕಂಪನಿಗಳು ಎರಡನ್ನೂ ಒಂದೇ ಸಾಲಿನಲ್ಲಿ ಹಾಕುತ್ತವೆ, ಕೆಲವು ಲೀಸ್ ಬಡ್ಡಿಯನ್ನು ಬ್ಯಾಂಕ್ ಬಡ್ಡಿಯ ಜೊತೆ ಬೆರೆಸುತ್ತವೆ. ಬೆರೆಸಿದ್ದರೆ ಹಣಕಾಸು ವೆಚ್ಚದ ಟಿಪ್ಪಣಿಯಲ್ಲಿ ಬಿಡಿಸಿಕೊಳ್ಳಿ. ಈ ಒಟ್ಟು ಮೊತ್ತವನ್ನು ಎಬಿಟ್ಡಾದಿಂದ, ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಗಳಿಕೆಯಿಂದ, ಕಳೆದಾಗಲೇ ಹೋಟೆಲಿನವರು ‘ಬಾಡಿಗೆ ಕಳೆದು ಉಳಿದದ್ದು’ ಎನ್ನುವ ಅಂಕಿ ಸಿಗುವುದು.

ಒಂದು ಕಾಲ್ಪನಿಕ ಬಟ್ಟೆ ಕಂಪನಿ: ಮಾರಾಟ 2,000 ಕೋಟಿ, ಪ್ರಕಟಿಸಿದ ಎಬಿಟ್ಡಾ 300 ಕೋಟಿ. ಲೀಸಿಗೆ ಕೊಟ್ಟದ್ದು ಅಸಲು 90, ಬಡ್ಡಿ 70, ಒಟ್ಟು 160 ಕೋಟಿ. ಬಾಡಿಗೆ ಕಳೆದ ಎಬಿಟ್ಡಾ 140 ಕೋಟಿ. ಮಾರಾಟದ ಶೇಕಡಾ 15ರಷ್ಟಿದ್ದ ಲಾಭದ ಅಂಚು 7ಕ್ಕೆ ಬಂತು. ಬ್ಯಾಂಕ್ ಸಾಲ 300 ಕೋಟಿ, ಕೈಯಲ್ಲಿ ನಗದು 40, ನಿವ್ವಳ ಸಾಲ 260. ಲೀಸ್ ಹೊಣೆ 850 ಕೋಟಿ. ಹೂಡಿಕೆದಾರರ ಪ್ರೆಸೆಂಟೇಶನ್‌ಗಳಲ್ಲಿ 260ನ್ನು 300ರಿಂದ ಭಾಗಿಸಿ ಸಾಲ ಗಳಿಕೆಯ 0.87 ಪಟ್ಟು ಎಂದು ಹಾಕುವುದುಂಟು. ಮೇಲೆ ಲೀಸ್ ಇಲ್ಲ, ಕೆಳಗೆ ಬಾಡಿಗೆ ಕಳೆದಿಲ್ಲ. ಇದು ಲೆಕ್ಕವೇ ಅಲ್ಲ. ಎರಡೂ ಕಡೆ ಬಾಡಿಗೆ ತೆಗೆದರೆ 260ಕ್ಕೆ 140, ಅಂದರೆ 1.86. ಎರಡೂ ಕಡೆ ಸೇರಿಸಿದರೆ 1,110ಕ್ಕೆ 300, ಅಂದರೆ 3.7. ಈ ಎರಡರಲ್ಲಿ ಯಾವುದನ್ನಾದರೂ ಬಳಸಿ, ಆದರೆ ವರ್ಷವರ್ಷವೂ ಅದನ್ನೇ ಬಳಸಿ.

ಪುಸ್ತಕದ ಹೊಣೆಯಲ್ಲಿ ಬಾರದ ಬಾಡಿಗೆಯೂ ಇದೆ. ಮಾರಾಟದ ಶೇಕಡಾವಾರು ಕೊಡುವ ಬಾಡಿಗೆ ಲೀಸ್ ಹೊಣೆಗೆ ಸೇರುವುದಿಲ್ಲ, ಖರ್ಚಾಗಿಯೇ ಇರುತ್ತದೆ. ಒಂದು ವರ್ಷ ಅಥವಾ ಅದಕ್ಕಿಂತ ಕಡಿಮೆ ಅವಧಿಯ ಕರಾರುಗಳನ್ನೂ ಹೊರಗಿಡಬಹುದು. ಮಾಲಿನ ನಿರ್ವಹಣಾ ಶುಲ್ಕ ಸೇವೆಯ ಬಾಬತ್ತು, ಕಂಪನಿ ಒಟ್ಟಿಗೆ ಎಣಿಸಲು ಆರಿಸಿಕೊಂಡಿಲ್ಲದಿದ್ದರೆ ಅದೂ ಹೊರಗೇ. ಮಾರಾಟಕ್ಕೆ ಜೋಡಿಸಿದ ಬಾಡಿಗೆ ಕೆಟ್ಟದ್ದೇನೂ ಅಲ್ಲ, ವ್ಯಾಪಾರ ಬಿದ್ದರೆ ಅದೂ ಬೀಳುತ್ತದೆ. 2020ರಲ್ಲಿ ಮಾಲುಗಳು ಬಾಗಿಲು ಹಾಕಿದಾಗ ಅಂಥ ಕರಾರಿದ್ದವರು ಸ್ವಲ್ಪ ಉಸಿರಾಡಿದರು, ಉಳಿದವರು ಮಾಲೀಕರ ಬಳಿ ರಿಯಾಯಿತಿಗೆ ಚೌಕಾಸಿ ಮಾಡಬೇಕಾಯಿತು.

ಮೇಲಿನ ಬಟ್ಟೆ ಕಂಪನಿಗೆ ಮಾರಾಟಕ್ಕೆ ಜೋಡಿಸಿದ ಬಾಡಿಗೆ 30 ಕೋಟಿ, ಬ್ಯಾಂಕ್ ಬಡ್ಡಿ 28 ಕೋಟಿ, ಈ ವರ್ಷದ ಟರ್ಮ್ ಲೋನ್ ಕಂತು 50 ಕೋಟಿ ಎಂದಿಟ್ಟುಕೊಳ್ಳಿ. ಎಲ್ಲ ಬಾಡಿಗೆಗೂ ಮೊದಲಿನ ಗಳಿಕೆ 300ಕ್ಕೆ ಈ 30 ಸೇರಿ 330. ಲೀಸಿನ 160, ಈ ಬಾಡಿಗೆ 30, ಬ್ಯಾಂಕ್ ಬಡ್ಡಿ 28 ಸೇರಿ 218. ಒಂದೂವರೆ ಪಟ್ಟು ಗಳಿಕೆ ಇದೆ, 112 ಕೋಟಿ ಉಳಿಯುತ್ತದೆ, ಕಂತು ಕಟ್ಟಿ 62. ತೆರಿಗೆ, ಹೊಸ ಮಳಿಗೆ, ದಾಸ್ತಾನು ಎಲ್ಲ ಇದರಲ್ಲೇ ಆಗಬೇಕು. ಈಗ ಮಾರಾಟ 10 ಶೇಕಡಾ ಇಳಿಸಿ ನೋಡಿ. ಸರಕಿನ ಮೇಲಿನ ಅಂಚು 35 ಶೇಕಡಾ ಇದ್ದು ಉಳಿದ ಖರ್ಚು ಹಾಗೇ ನಿಂತರೆ 70 ಕೋಟಿ ಹೋಯಿತು. ಗಳಿಕೆ 260, ಮಾರಾಟದ ಬಾಡಿಗೆ 3 ಕೋಟಿ ಇಳಿದು ಹೊರೆ 215, ಉಳಿದದ್ದು 45. ಕಂತಿಗೇ 5 ಕೋಟಿ ಸಾಲದು. ಬ್ಯಾಲೆನ್ಸ್ ಶೀಟ್ ಎಷ್ಟೇ ಚೆನ್ನಾಗಿದ್ದರೂ ಈ ಒಂದು ಪರೀಕ್ಷೆ ಮಾಡದೆ ಷೇರಿಗೆ ಕೈಹಾಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಣ ಸಾಲದಾದಾಗ ಮೊದಲು ನಿಲ್ಲುವುದು ಸರಬರಾಜುದಾರರ ಪಾವತಿ, ಆಮೇಲೆ ಬಾಡಿಗೆ. ಪಾವತಿಗೆ ಹಿಡಿಯುವ ದಿನಗಳು ಎರಡು ಮೂರು ತ್ರೈಮಾಸಿಕ ಸತತ ಏರಿದರೆ ಎಚ್ಚರವಾಗಬೇಕು. ಬಾಡಿಗೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಬಿಗ್ ಬಜಾರ್ ನಡೆಸುತ್ತಿದ್ದ ಮುಂಬಯಿಯ ಫ್ಯೂಚರ್ ರಿಟೇಲ್ ಕಣ್ಣೆದುರಿನ ಉದಾಹರಣೆ. ಬಾಡಿಗೆ ಕಟ್ಟಲಾಗದ ಎಷ್ಟೋ ಮಳಿಗೆಗಳ ಕರಾರು ರಿಲಯನ್ಸ್ ಹೆಸರಿಗೆ ಆಗಿ, 2022ರ ಫೆಬ್ರವರಿಯಲ್ಲಿ ಅದು ಮಳಿಗೆಗಳನ್ನು ವಶಕ್ಕೆ ತೆಗೆದುಕೊಳ್ಳತೊಡಗಿತು. ಜುಲೈಯಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಪಗಡಿ ಜಾಗದ (ಮೊದಲಿಗೆ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಹಿಡಿದ ಜಾಗದ) ಹಳೆಯ ಹೋಟೆಲಿನವರಿಗಿರುವ ರಕ್ಷಣೆ ಇಂಥ ಕಂಪನಿಗಳಿಗೆ ಇಲ್ಲ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999 1 ಕೋಟಿ ಅಥವಾ ಅದಕ್ಕಿಂತ ಹೆಚ್ಚು ಪಾವತಿತ ಬಂಡವಾಳದ ಪಬ್ಲಿಕ್ ಮತ್ತು ಪ್ರೈವೇಟ್ ಲಿಮಿಟೆಡ್ ಕಂಪನಿಗಳನ್ನು ಹೊರಗಿಟ್ಟಿದೆ. ಕರಾರಿನಲ್ಲಿ ಬರೆದದ್ದೇ ಅವರ ರಕ್ಷಣೆ.

ಡಿಮಾರ್ಟ್‌ನದ್ದು ಇನ್ನೊಂದು ದಾರಿ. 2002ರಲ್ಲಿ ಪವಯಿಯಲ್ಲಿ ಶುರುವಾದ ಅದು ಬಹುಪಾಲು ಜಾಗವನ್ನು ಸ್ವಂತಕ್ಕೆ ಕೊಂಡಿದೆ. ಲೀಸ್ ಹೊಣೆ ಕಡಿಮೆ, ಆದರೆ ಬಂಡವಾಳ ನೆಲದಲ್ಲಿ ಕೂತಿದೆ, ಮಳಿಗೆ ತೆರೆಯುವ ವೇಗವೂ ಅದಕ್ಕೆ ತಕ್ಕಂತೆ. ಇದರ ಎಬಿಟ್ಡಾ ಅಂಚನ್ನು ಬಾಡಿಗೆ ಕಂಪನಿಯದ್ದರ ಜೊತೆ ಹೋಲಿಸುವಾಗ ಬಾಡಿಗೆ ಕಳೆದ ಅಂಕಿಯನ್ನೇ ತೆಗೆದುಕೊಳ್ಳಿ.

ಕೊನೆಗೆ ನೋಡಬೇಕಾದ ಪುಟ ಒಂದಿದೆ: ದ್ರವ್ಯತೆಯ ಅಪಾಯದ ಟಿಪ್ಪಣಿ. ಲೀಸಿಗೆ ಮುಂದೆ ಕೊಡಬೇಕಾದ ಹಣ ಇಂದಿನ ಬೆಲೆಗೆ ಇಳಿಸದೆ ವರ್ಷದ ಗುಂಪುಗಳಾಗಿ ಇರುತ್ತದೆ. ಸಾಲದ ಕಂತುಗಳೂ ಅದೇ ಪಟ್ಟಿಯಲ್ಲಿರುತ್ತವೆ. ಮುಂದಿನ ಒಂದು ವರ್ಷದ ಎರಡೂ ಮೊತ್ತ ಕೂಡಿಸಿ, ಕೈಯಲ್ಲಿರುವ ನಗದು ಮತ್ತು ಬ್ಯಾಂಕಿನಲ್ಲಿ ಇನ್ನೂ ಎತ್ತದ ಮಿತಿಯ ಎದುರು ಇಡಿ. ಮುಂಬಯಿ, ಪುಣೆಯ ಯಾವುದಾದರೂ ದೊಡ್ಡ ಮಳಿಗೆಯ ಬಾಡಿಗೆಯ ಬಗ್ಗೆ ಸಂಶಯವಿದ್ದರೆ ಮಹಾರಾಷ್ಟ್ರ ನೋಂದಣಿ ಇಲಾಖೆಯ ಜಾಲತಾಣದಲ್ಲಿ ಇ-ಸರ್ಚ್ ಮಾಡಿ. ನೋಂದಾಯಿಸಿದ ಕರಾರಿನ ಸಾರಾಂಶವಾದ ಇಂಡೆಕ್ಸ್-2 ಸಿಕ್ಕರೆ ಅದರ ಮುಖ್ಯ ವಿವರಗಳು ಅಲ್ಲೇ ಇರುತ್ತವೆ, ಮರಾಠಿ ಓದಲು ಬಂದರೆ ಸಾಕು.