ಎದ್ದು ನಿಂತು ಹಾಕಿದ ಮೊದಲ ವೋಟು

ನಮ್ಮಮ್ಮ ಯಾರಿಗೆ ವೋಟು ಹಾಕುತ್ತಾಳೆ ಅಂತ ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ಹುಣಸೂರು ಕಡೆಯ ನಮ್ಮೂರಿನಲ್ಲಿ ಶಾಲೆಯೇ ಬೂತು. ಅಮ್ಮ ವೋಟು ಹಾಕಿ ಬಂದವಳು ನೇರ ಅಡುಗೆಮನೆಗೆ ಹೋಗುತ್ತಿದ್ದಳು. ಅಪ್ಪ ಜಗಲಿಯಿಂದಲೇ ಕೇಳುತ್ತಿದ್ದರು, "ಯಾರಿಗೆ ಹಾಕಿದೆ?" "ಹಾಕಾಯ್ತು ಬಿಡಿ" ಅನ್ನುತ್ತಿದ್ದಳು. ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಅವಳ ಬೆರಳಿನ ಮಸಿ ನಮ್ಮ ಮೈಸೂರಿನದೇ. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿನ ಪೇಂಟ್ಸ್ ಕಾರ್ಖಾನೆಯಿಂದ ಹೋಗುತ್ತಿದೆ. ನನ್ನ ಬೆರಳಿಗೆ ಮಾತ್ರ ಅದು ಒಂದು ಸಲವೂ ತಾಗಲಿಲ್ಲ. 1999ರಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಚುನಾವಣೆ ಬಂತು. ನನಗಾಗ ವೋಟು ಹಾಕುವ ವಯಸ್ಸಾಗಿತ್ತು. ಮೈಸೂರಿನ ಹಾಸ್ಟೆಲಿನಿಂದ ಬಸ್ಸು ಹತ್ತಿ ಊರಿಗೆ ಹೋದೆ. ಪಟ್ಟಿಯಲ್ಲಿ ಹೆಸರಿರಲಿಲ್ಲ. 2003ರಲ್ಲಿ ಅಮೆರಿಕಕ್ಕೆ ಬಂದುಬಿಟ್ಟೆ.

ಹಾಗಾಗಿ ನಾನು ಮೊದಲ ವೋಟು ಹಾಕಿದಾಗ ನನಗೆ 39 ವರ್ಷ. ಊರು ಅಯೋವಾ ರಾಜ್ಯದ ವೆಸ್ಟ್ ಡೆ ಮೊಯ್ನ್. 2020ರ ಫೆಬ್ರವರಿ 3, ಸೋಮವಾರ, ಸಂಜೆ 7 ಗಂಟೆ. ಪರದೆ ಇಲ್ಲ, ಪೆಟ್ಟಿಗೆ ಇಲ್ಲ, ಮಸಿಯೂ ಇಲ್ಲ. ಒಂದು ಶಾಲೆಯ ಜಿಮ್‌ನಲ್ಲಿ, 214 ಜನರ ಎದುರಿಗೆ, ನನಗೆ ಬೇಕಾದ ಅಭ್ಯರ್ಥಿಯ ಹೆಸರಿನ ಕೆಳಗೆ ಹೋಗಿ ನಿಂತೆ. ಅದೇ ವೋಟು. ಪಕ್ಷ ತನ್ನ ಅಭ್ಯರ್ಥಿಯನ್ನು ಆರಿಸಲು ಹೀಗೆ ಸೇರುವುದಕ್ಕೆ ಕಾಕಸ್ ಅನ್ನುತ್ತಾರೆ.

ಅದರ ಹಿಂದಿನ ವರ್ಷವಷ್ಟೇ ಪೌರತ್ವ ಬಂದಿತ್ತು. ಆಗ ಸಂದರ್ಶನದಲ್ಲಿ ಹತ್ತು ಪ್ರಶ್ನೆಯವರೆಗೆ ಕೇಳುತ್ತಿದ್ದರು, ಆರಕ್ಕೆ ಸರಿಯುತ್ತರ ಕೊಟ್ಟರೆ ಪಾಸಾಗುತ್ತಿತ್ತು. ಅದು ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಭಾರತದ ಪಾಸ್‌ಪೋರ್ಟ್ ವಾಪಸ್ ಕೊಡುವಾಗ. ಪ್ರಮಾಣ ವಚನ ಮುಗಿಸಿ ಹೊರಗೆ ಬಂದರೆ ಮೇಜು ಹಾಕಿಕೊಂಡು ಸ್ವಯಂಸೇವಕರು ಕೂತಿದ್ದರು, ಮತದಾರರ ನೋಂದಣಿ ಅರ್ಜಿ ಹಿಡಿದು. ಅಲ್ಲೇ ನಿಂತು ತುಂಬಿ ಕೊಟ್ಟೆ. ಕಳೆದುಕೊಂಡದ್ದಕ್ಕೆ ಬದಲಿಗೆ ಏನೋ ಒಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಅನ್ನಿಸಿತ್ತು.

ಅಯೋವಾ ಚಿಕ್ಕ ರಾಜ್ಯ. ಜನಸಂಖ್ಯೆ ಸುಮಾರು 32 ಲಕ್ಷ. ಮುಸುಕಿನ ಜೋಳ, ಸೋಯಾ, ಹಂದಿ ಸಾಕಣೆ, ನಮ್ಮ ಊರಿನಲ್ಲಾದರೆ ವಿಮೆ ಕಂಪನಿಗಳು. ಆದರೆ 1972ರಿಂದ ಡೆಮಾಕ್ರಟಿಕ್ ಪಕ್ಷ ತನ್ನ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ಕೆಲಸ ಶುರುವಾಗುತ್ತಿದ್ದದ್ದು ಇಲ್ಲಿಂದಲೇ. 1976ರಲ್ಲಿ ಜಿಮ್ಮಿ ಕಾರ್ಟರ್ ಹೆಸರು ದೇಶಕ್ಕೆ ಗೊತ್ತಾಗಿದ್ದು ಇಲ್ಲಿ. 2008ರಲ್ಲಿ ಬರಾಕ್ ಒಬಾಮಾ ಗೆಲ್ಲಬಹುದು ಅಂತ ಜನ ನಂಬಿದ್ದೂ ಇಲ್ಲಿಂದಲೇ. ಅದಕ್ಕೇ ಅಭ್ಯರ್ಥಿಗಳು ಒಂದು ವರ್ಷ ಮೊದಲೇ ಬಂದು ಕಾಫಿ ಅಂಗಡಿ, ಗ್ರಂಥಾಲಯ, ಕೊಟ್ಟಿಗೆ ಅಂತ ಸುತ್ತುತ್ತಿದ್ದರು. ಅವರಲ್ಲೊಬ್ಬರಾದ ಏಮಿ ಕ್ಲೊಬುಚಾರ್ ಆಗ ಪಕ್ಕದ ಮಿನೆಸೋಟ ರಾಜ್ಯದ ಸೆನೆಟರ್. ಅವರು ಅಯೋವಾದ 99 ಕೌಂಟಿಗಳನ್ನೂ, ಅಂದರೆ ನಮ್ಮ ಜಿಲ್ಲೆಗಳಂಥವನ್ನು, ಸುತ್ತಿದ್ದರು. ನಮ್ಮ ಕಡೆ ಬಂದಾಗ ನಾನೂ ಕೇಳಲು ಹೋಗಿದ್ದೆ. ದೊಡ್ಡ ಆಸೆ ಹುಟ್ಟಿಸುವ ಮಾತಿಗಿಂತ ಮಾಡಬಹುದಾದ ಕೆಲಸದ ಮಾತು ಜಾಸ್ತಿ ಇತ್ತು. ನನಗದು ಹಿಡಿಸಿತು.

ಆ ಸಂಜೆ ಆರಕ್ಕೇ ಶಾಲೆಯ ಬಾಗಿಲಲ್ಲಿ ಸಾಲು. ನೋಂದಣಿ ಆಗದವರು ಅಲ್ಲೇ ಮಾಡಿಸಿಕೊಳ್ಳಬಹುದು. ನವೆಂಬರ್ ಚುನಾವಣೆ ಹೊತ್ತಿಗೆ 18 ತುಂಬುವುದಾದರೆ 17ರ ಮಕ್ಕಳೂ ಬರಬಹುದು. ನಮ್ಮ ಮನೆಯವರು ಇನ್ನೂ ಪೌರತ್ವ ಇಲ್ಲದೆ ಗ್ರೀನ್ ಕಾರ್ಡಿನಲ್ಲಿದ್ದರು. ವೋಟಿಲ್ಲ, ನೋಡಲು ಅಡ್ಡಿಯಿಲ್ಲ ಅಂದರು. ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಗೋಡೆ ಪಕ್ಕದ ಬೆಂಚಿನಲ್ಲಿ ಕೂತರು.

ನನ್ನ ಕೈಗೆ ಒಂದು ಕಾರ್ಡ್ ಕೊಟ್ಟರು. ಒಂದು ಬದಿಯಲ್ಲಿ 1, ಇನ್ನೊಂದು ಬದಿಯಲ್ಲಿ 2. ಮೊದಲ ಸುತ್ತಿನ ಆಯ್ಕೆ ಒಂದನೇ ಬದಿಗೆ, ಕೊನೆಯ ಆಯ್ಕೆ ಎರಡನೇ ಬದಿಗೆ. ಹೆಸರು ಬರೆದು ಸಹಿ ಹಾಕಬೇಕು. ಕಾಗದದ ಈ ಕಾರ್ಡ್ ಬಂದದ್ದು ಆ ವರ್ಷವೇ ಮೊದಲು.

ಬಾಸ್ಕೆಟ್‌ಬಾಲ್ ಅಂಗಳದ ಸುತ್ತ ಗೋಡೆಗೆ ಅಭ್ಯರ್ಥಿಗಳ ಹೆಸರುಗಳನ್ನು ಅಂಟಿಸಿದ್ದರು. "ನಿಮ್ಮ ನಿಮ್ಮ ಜಾಗಕ್ಕೆ ಹೋಗಿ" ಅಂದಾಗ ಒಂದು ಕ್ಷಣ ನನ್ನ ಕಾಲು ಏಳಲಿಲ್ಲ. ಯಾಕೆ ಗೊತ್ತಾ? ಎದುರಿಗೆ, ಸ್ಯಾಂಡರ್ಸ್ ಹೆಸರಿನ ಕೆಳಗೆ, ನಮ್ಮ ಆಫೀಸಿನ ಮೇಲಧಿಕಾರಿ ನಿಂತಿದ್ದರು. ನನ್ನನ್ನು ನೋಡಿ ಕೈ ಬೀಸಿದರು, ತುಂಬ ಪ್ರೀತಿಯಿಂದ. ಒಳ್ಳೆಯ ಮನುಷ್ಯರು. ಆದರೂ ನಾನು ಎತ್ತ ನಡೆಯುತ್ತೇನೆ ಅಂತ ಅವರು ನೋಡುತ್ತಿದ್ದರಲ್ಲ. ಏಮಿ ಹೆಸರಿನ ಕಡೆಗೆ ಹೋಗುವಷ್ಟರಲ್ಲಿ ಅಂಗೈ ಬೆವತಿತ್ತು.

ಎಣಿಕೆ ಶುರುವಾಯಿತು. ಒಬ್ಬೊಬ್ಬರೂ ಗಟ್ಟಿಯಾಗಿ ತಮ್ಮ ಸಂಖ್ಯೆ ಹೇಳುತ್ತಾ ಹೋದರು. ನಾನು 17. ನಮ್ಮ ಗುಂಪು 29ಕ್ಕೆ ನಿಂತಿತು. ನಿಯಮ ಏನಂದರೆ, ಒಟ್ಟು ಬಂದವರಲ್ಲಿ ನೂರಕ್ಕೆ 15ರಷ್ಟಾದರೂ ಇಲ್ಲದ ಗುಂಪು ಉಳಿಯುವುದಿಲ್ಲ. 214 ಜನಕ್ಕೆ 33 ಬೇಕು. ಬುಟಿಜೆಜ್, ಸ್ಯಾಂಡರ್ಸ್, ವಾರನ್ ಮೂವರೂ ದಾಟಿದ್ದರು. ನಾವು ನಾಲ್ಕು ಜನಕ್ಕೆ ಹಿಂದೆ. ಬೈಡನ್ ಗುಂಪಿನಲ್ಲಿ 22, ಯಾಂಗ್ ಕಡೆ 11. ದಾಟಿದವರು ಅಲ್ಲೇ ಇರಬೇಕು. ದಾಟದವರಿಗೆ ಕಾಲು ಗಂಟೆ ಸಮಯ. ಬೇರೆ ಗುಂಪಿಗೆ ಹೋಗಬಹುದು, ಇಲ್ಲ ಬೇರೆಯವರನ್ನು ತಮ್ಮ ಕಡೆಗೆ ಕರೆಯಬಹುದು.

ಆ ಕಾಲು ಗಂಟೆ ನನ್ನ ಮನಸ್ಸಿನಲ್ಲಿ ಹಾಗೇ ಉಳಿದಿದೆ. ಇಡೀ ಜಿಮ್ ಸಂತೆಯಂತಾಯಿತು. ನಮ್ಮ ಗುಂಪಿನ ಮುಂದಾಳು ನನ್ನ ಕಡೆ ನೋಡಿ, ಬೈಡನ್ ಗುಂಪಿನಲ್ಲಿ ಯಾರಾದರೂ ಪರಿಚಯವಿದ್ದಾರಾ ಅಂತ ಕೇಳಿದರು. ಇದ್ದರು. ನಮ್ಮ ಪಕ್ಕದ ಮನೆಯ ಅಜ್ಜಿ. ಆರು ವರ್ಷದ ನೆರೆ. ಹಿಮ ತೆಗೆಯುವಾಗ ಹಲೋ, ಕಸದ ಡಬ್ಬಿ ಹೊರಗಿಡುವಾಗ ಹಲೋ, ಅದು ಬಿಟ್ಟರೆ ಮಾತೇ ಇಲ್ಲ. ಹೋಗಿ ಎದುರಿಗೆ ನಿಂತೆ. ಅವರು ನನ್ನ ಕೈ ಹಿಡಿದುಕೊಂಡು, "ಹೇಳು, ಆಕೆಯೇ ಯಾಕೆ?" ಅಂದರು.

ವರ್ಷಗಟ್ಟಲೆ ಇಂಗ್ಲಿಷಿನಲ್ಲೇ ಕೆಲಸ ಮಾಡಿದವಳು ನಾನು. ಆಗ ಮಾತು ತಡವರಿಸಿತು. ಇನ್ಸುಲಿನ್ ಬೆಲೆಯ ಬಗ್ಗೆ ಹೇಳಿದೆ, ಊರಿನಲ್ಲಿರುವ ನಮ್ಮಮ್ಮನ ಸಕ್ಕರೆ ಕಾಯಿಲೆಯ ಬಗ್ಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಅವರ ಗಂಡನಿಗೂ ಅದೇ ಕಾಯಿಲೆ ಇತ್ತಂತೆ. 2008ರಲ್ಲಿ ಗಂಡ ಹೆಂಡತಿ ಒಬ್ಬೊಬ್ಬರು ಒಂದೊಂದು ಗುಂಪಿನಲ್ಲಿ ನಿಂತಿದ್ದರಂತೆ, ಮನೆಗೆ ಹೋಗುವಾಗ ಕಾರಿನಲ್ಲಿ ಮಾತೇ ಆಡಲಿಲ್ಲವಂತೆ. ಇಷ್ಟೆಲ್ಲ ಹೇಳಿ, ನನ್ನ ಭುಜ ತಟ್ಟಿ, ಬುಟಿಜೆಜ್ ಗುಂಪಿಗೆ ನಡೆದರು.

ನಮ್ಮ ಕಡೆಗೆ ಬಂದದ್ದು ಯಾಂಗ್ ಗುಂಪಿನ ಐದು ಜನ. ಅದರಲ್ಲಿ ಇಬ್ಬರು ಇನ್ನೂ ಶಾಲೆಗೆ ಹೋಗುವ ಹುಡುಗರು. ನಮ್ಮ ಎಣಿಕೆ 34ಕ್ಕೆ ಮುಟ್ಟಿತು. ಜಿಮ್ ತುಂಬ ಚಪ್ಪಾಳೆ. ಪಕ್ಷದ ಮುಂದಿನ ಹಂತದ ಸಭೆಗೆ ಕಳಿಸಲು ನಮ್ಮ ಮತಗಟ್ಟೆಗೆ ಇದ್ದದ್ದು 7 ಪ್ರತಿನಿಧಿಗಳು. ಗುಂಪಿನ ಸಂಖ್ಯೆಯನ್ನು 7ರಿಂದ ಗುಣಿಸಿ, 214ರಿಂದ ಭಾಗಿಸುತ್ತಾರೆ. ನಮಗೆ 1, ಉಳಿದ ಮೂವರಿಗೆ ತಲಾ 2. ಬೈಡನ್‌ಗೆ ಸೊನ್ನೆ. ಮುಂದೆ ಅಧ್ಯಕ್ಷರಾದದ್ದು ಅವರೇ.

ಫಲಿತಾಂಶ ಆ ರಾತ್ರಿ ಬರಲೇ ಇಲ್ಲ. ಲೆಕ್ಕ ಕಳಿಸುವ ಆ್ಯಪ್ ಕೈಕೊಟ್ಟಿತು, ಫೋನ್ ಲೈನುಗಳು ಸಿಗಲಿಲ್ಲ. ದಿನಗಟ್ಟಲೆ ಕಾದ ಮೇಲೆ ಲೆಕ್ಕ ಹೊರಬಂತು. ತಲೆ ಎಣಿಕೆಯಲ್ಲಿ ಸ್ಯಾಂಡರ್ಸ್ ಮುಂದೆ. ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ರಾಷ್ಟ್ರೀಯ ಸಮಾವೇಶಕ್ಕೆ ಹೋಗುವ ರಾಜ್ಯದ 41 ಪ್ರತಿನಿಧಿಗಳಲ್ಲಿ ಬುಟಿಜೆಜ್‌ಗೆ 14, ಸ್ಯಾಂಡರ್ಸ್‌ಗೆ 12. ಏಮಿಗೆ ಸಿಕ್ಕಿದ್ದು ಒಂದೇ ಒಂದು. ನಾವು ಸಹಿ ಹಾಕಿದ ಕಾರ್ಡುಗಳು ಇದ್ದದ್ದಕ್ಕೆ ಲೆಕ್ಕವನ್ನು ಮತ್ತೆ ತಾಳೆ ನೋಡಲು ಸಾಧ್ಯವಾಯಿತು.

ಮಾರನೇ ದಿನ ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ. "ಎಲ್ರೂ ನೋಡ್ತಾ ಇರ್ತಾರಾ? ನಮ್ಮೂರಲ್ಲಿ ಹಂಗೆ ನಿಲ್ಲಿಸಿದ್ರೆ, ಕೂಲಿಗೆ ಹೋಗೋರ ಗತಿ ಏನೇ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೇಲಧಿಕಾರಿ ಕೈ ಬೀಸಿದಾಗ ಅಂಗೈ ಬೆವತದ್ದು ನೆನಪಾಯಿತು. ನನಗೆ ಒಳ್ಳೆಯ ಕೆಲಸ ಇದೆ, ಪೌರತ್ವ ಇದೆ, ಆದರೂ ಹಾಗಾಯಿತು. ಏನೂ ಇಲ್ಲದವರಿಗೆ? ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಗೆಳತಿಗೆ ಆ ದಿನ ರಾತ್ರಿ ಪಾಳಿ. ಅವಳಿಗೆ ಬರಲು ಆಗಲೇ ಇಲ್ಲ. ಸಂಜೆ 7ಕ್ಕೆ ಸರಿಯಾಗಿ ಬಂದು ಎರಡು ಗಂಟೆ ನಿಲ್ಲಬಲ್ಲವರಿಗೆ ಮಾತ್ರ ವೋಟು ಅಂದರೆ ಅದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. ಆ ವರ್ಷ ಪಕ್ಷ ಅಲ್ಲಲ್ಲಿ ಬೇರೆ ಹೊತ್ತಿನ ಕಾಕಸ್‌ಗಳನ್ನೂ ಇಟ್ಟಿತ್ತು. ಒಟ್ಟಮ್ವಾ ಊರಿನಲ್ಲಿ ಮಾಂಸದ ಕಾರ್ಖಾನೆಯ ಕೆಲಸಗಾರರು ಪಾಳಿಗೆ ಹೋಗುವ ಮುಂಚೆ, ಮಧ್ಯಾಹ್ನವೇ ಸೇರಿದ್ದರು. ಬಂದವರಲ್ಲಿ ಹೆಚ್ಚಿನವರು ಇಥಿಯೋಪಿಯಾದಿಂದ ಬಂದವರು. ಆ ಸುದ್ದಿ ಓದಿ ಕಣ್ಣು ತುಂಬಿ ಬಂತು. ಆದರೆ ಎಲ್ಲ ನರ್ಸುಗಳಿಗೂ ಎಲ್ಲ ಅಂಗಡಿ ಕೆಲಸದವರಿಗೂ ಅಂಥದ್ದು ಸಿಗಲಿಲ್ಲ.

ಹಾಗಂತ ಆ ರಾತ್ರಿಯನ್ನು ಬೇಡ ಅನ್ನಲೂ ಮನಸ್ಸು ಬರುವುದಿಲ್ಲ. ಪರದೆಯ ಹಿಂದೆ ನಿಂತಿದ್ದರೆ ಪಕ್ಕದ ಮನೆಯ ಅಜ್ಜಿಯ ಗಂಡನ ಕಥೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಆಮೇಲೆ ಅವರು ನಮ್ಮ ಮನೆಗೆ ಬರತೊಡಗಿದರು. ನನ್ನ ಉಪ್ಪಿಟ್ಟು ಅವರಿಗೆ ತುಂಬ ಇಷ್ಟ. ಪಕ್ಷದ ಮಾತು ಬಂದರೆ ಈಗಲೂ ಇಬ್ಬರಿಗೂ ಜಗಳವೇ.

ಅಂಥ ಕಾಕಸ್ ಅಯೋವಾದ ಡೆಮಾಕ್ರಟರಿಗೆ ಅದೇ ಕೊನೆಯದಾಯಿತು. ದೇಶದಲ್ಲಿ ಮೊದಲು ಅನ್ನುವ ಪಟ್ಟವೂ ಹೋಯಿತು. 2024ರಲ್ಲಿ ಕೇಳಿದವರಿಗೆ ಕಾರ್ಡ್ ಅಂಚೆಯಲ್ಲಿ ಮನೆಗೇ ಬಂತು. ತುಂಬಿ ಅಂಚೆಯಲ್ಲೇ ಕಳಿಸಿದರೆ ಸಾಕು, ಫಲಿತಾಂಶ ಮಾರ್ಚ್ 5ಕ್ಕೆ. ಗೆಳತಿ ರಾತ್ರಿ ಪಾಳಿ ಮುಗಿಸಿ ಬಂದು ಕಾರ್ಡ್ ತುಂಬಿದಳಂತೆ. ನಮ್ಮ ಮನೆಗೆ ಎರಡು ಕಾರ್ಡ್ ಬಂದವು. ಅಷ್ಟು ಹೊತ್ತಿಗೆ ನಮ್ಮ ಮನೆಯವರಿಗೂ ಪೌರತ್ವ ಸಿಕ್ಕಿತ್ತು, ಅವರಿಗದು ಇಲ್ಲಿನ ಮೊದಲ ವೋಟು. ಊಟ ಆದ ಮೇಲೆ ಮೇಜು ಒರೆಸಿ ಇಬ್ಬರೂ ಪೆನ್ನು ಹಿಡಿದು ಕೂತೆವು. ನಾಲ್ಕೇ ಆಯ್ಕೆ. ಬೈಡನ್, ಫಿಲಿಪ್ಸ್, ವಿಲಿಯಮ್ಸನ್, ಇಲ್ಲವೇ ಯಾರಿಗೂ ಇಲ್ಲ. ಅವರು ಎಡಗೈಯನ್ನು ಕಾರ್ಡಿಗೆ ಅಡ್ಡ ಇಟ್ಟುಕೊಂಡು ಗುರುತು ಹಾಕಿದರು. ಮಡಚಿ ಲಕೋಟೆಗೆ ಹಾಕಿ ಅಂಟಿಸಿದರು. ನಾನು ಕೇಳಲಿಲ್ಲ.