ಸಿಗದ ಓಲೆಗೆ ಹರಕೆ

ಅಮ್ಮನ ಎಡಗಿವಿಯ ಓಲೆ ಜುಲೈ ಕೊನೆಯಲ್ಲಿ ಕಳೆದುಹೋಯಿತು. ಮದುವೆಯಲ್ಲಿ ಅಜ್ಜಿ ಹಾಕಿದ್ದ ಹರಳಿನ ಓಲೆ. ಮನೆಯೆಲ್ಲ ಗುಡಿಸಿದೆವು. ಬಚ್ಚಲಿನ ಜಾಲರಿ ಎತ್ತಿ ನೋಡಿದೆವು. ಚರ್ಚಿನಲ್ಲಿ ಅವಳು ಕೂರುವ ಬೆಂಚಿನ ಕೆಳಗೆ ಮೊಬೈಲ್ ಟಾರ್ಚ್ ಬಿಟ್ಟೂ ಹುಡುಕಿದೆ. ಇಲ್ಲ. ಮೂರನೇ ದಿನ ಅಮ್ಮ ದೋರನಹಳ್ಳಿಯ ಸಂತ ಅಂತೋಣಿಗೆ ಹರಕೆ ಹೊತ್ತಳು. ಒಂದು ಮಂಗಳವಾರ, ಒಂದು ಪೂಜೆ, ಮೊಳದುದ್ದ ಮೇಣದ ಬತ್ತಿ.

ಇದರಲ್ಲಿ ಹೊಸದೇನೂ ಇಲ್ಲ. ಕ್ಯಾಥೊಲಿಕರ ಮನೆಯಲ್ಲಿ ಏನಾದರೂ ಕಳೆದರೆ ಪೊಲೀಸರಿಗಿಂತ ಮೊದಲು ಅಂತೋಣಿಯಪ್ಪನಿಗೆ ಸುದ್ದಿ ಹೋಗುತ್ತದೆ. ನಾನು ತಬ್ಬಿಬ್ಬಾಗಿದ್ದು ಆಮೇಲೆ. ಆಗಸ್ಟ್‌ನಲ್ಲಿ ನನಗೆ ಮೈಸೂರಿನಲ್ಲಿ ಮೂರು ದಿನ ಆಫೀಸ್ ಕೆಲಸ ಬಿತ್ತು. ಅಮ್ಮ ಅಡುಗೆಮನೆಯಿಂದಲೇ ಕೂಗಿದಳು.

"ಹೇಗೂ ಹೋಗ್ತೀಯಲ್ಲ, ಹಾಗೇ ದೋರನಹಳ್ಳಿಗೆ ಹೋಗಿ ಹರಕೆ ತೀರಿಸಿ ಬಾ. ನನ್ನ ಮಂಡಿಗೆ ಬಸ್ಸು ಆಗಲ್ಲ."

"ಓಲೆ ಸಿಕ್ತಾ?"

"ಇಲ್ಲ."

"ಮತ್ತೆ ಹರಕೆ ಏನಂತ ತೀರಿಸೋದು?"

"ಸಿಗುತ್ತಲ್ಲ. ಈಗ್ಲೇ ಕೊಟ್ಟುಬಿಟ್ರೆ ಆಯ್ತು. ಆಮೇಲೆ ನಿಂಗೆ ರಜಾ ಸಿಗುತ್ತೋ ಇಲ್ವೋ."

ನನ್ನದು ಲೆಕ್ಕ ತಪಾಸಣೆ ಕೆಲಸ. ಸರಕು ಬರುವ ಮುಂಚೆ ಬಿಲ್ ಪಾಸ್ ಮಾಡಿದವರನ್ನು ಹಿಡಿದು ಕೂರಿಸುವುದಕ್ಕೇ ನನಗೆ ಸಂಬಳ ಬರುತ್ತದೆ. ನಮ್ಮನೆಯಲ್ಲೇ ಹೀಗೆ!

ಮೈಸೂರಿನ ಆಫೀಸ್ ಕೆಲಸದ ಬಗ್ಗೆ ಬರೆಯುವಂಥದ್ದೇನಿಲ್ಲ. ಸಂಜೆ ಸಂತ ಫಿಲೋಮಿನಾ ಚರ್ಚಿಗೆ ಹೋಗಿ ಬಂದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಕಟ್ಟಡ, 175 ಅಡಿಯ ಜೋಡಿ ಗೋಪುರ. ಎಲ್ಲರೂ ಕತ್ತೆತ್ತಿ ಫೋಟೋ ತೆಗೆಯುತ್ತಿದ್ದರು, ನಾನೂ ತೆಗೆದೆ. ಅಂದ ಇದೆ. ಆದರೆ ಅಲ್ಲಿ ಮಂಡಿಯೂರಿದರೂ ಯಾರೋ ನೋಡುತ್ತಿದ್ದಾರೆ ಅನ್ನಿಸುತ್ತದೆ. ನನಗೆ ಊರ ಕಡೆಯ, ಸುಣ್ಣ ಬಳಿದ ಸಣ್ಣ ಗುಡಿಯಂಥ ಚರ್ಚೇ ಒಗ್ಗುತ್ತದೆ.

ಮಂಗಳವಾರ ಬೆಳಿಗ್ಗೆ ಕೆ.ಆರ್. ನಗರದ ಕಡೆ ಹೋಗುವ ಬಸ್ ಹತ್ತಿದೆ. ದೋರನಹಳ್ಳಿ ಮೈಸೂರಿನಿಂದ 30 ಕಿ.ಮೀ. ಚಿಲ್ಲರೆ ದೂರ. ಇಲ್ಲೊಂದು ಬುದ್ಧಿಮಾತು ಹೇಳಲೇಬೇಕು, ಯಾಕೆಂದರೆ ಹೊಟ್ಟೆ ಇನ್ನೂ ಉರಿಯುತ್ತಿದೆ. ಚಿಲ್ಲರೆ ಇಟ್ಟುಕೊಂಡೇ ಬಸ್ ಹತ್ತಿ. ನನ್ನ ಹತ್ತಿರ ಇದ್ದದ್ದು 500ರ ಒಂದೇ ನೋಟು. ಮೊಬೈಲ್‌ನಲ್ಲಿ ಕೊಡೋಣ ಅಂದರೆ ಚಕ್ರ ತಿರುಗುತ್ತಲೇ ಇತ್ತು, ದುಡ್ಡು ಹೋಗಲಿಲ್ಲ. ಕಂಡಕ್ಟರ್ ನೋಟು ತೆಗೆದುಕೊಂಡು, ಟಿಕೆಟ್ ಹಿಂದೆ '440' ಅಂತ ಗೀಚಿ, "ಇಳಿಯುವಾಗ ಇಸ್ಕೊಳ್ಳಿ" ಅಂದರು. ಟಿಕೆಟ್ ಹಿಂದೆ ಬಾಕಿ ಬರೆಸಿಕೊಳ್ಳುವುದು ನಮ್ಮ ನಾಡಿನಲ್ಲಿ ದಿನಾ ನಡೆಯುವ ಮಾತು. ಆದರೂ ಇಲವಾಲ ದಾಟಿದ ಮೇಲೆ ನನ್ನ ಕಣ್ಣು ಕಿಟಕಿ ಕಡೆ ಹೋಗಿದ್ದೇ ಕಡಿಮೆ. ಕಂಡಕ್ಟರ್ ಎಲ್ಲಿದ್ದಾರೆ, ಚೀಲದಲ್ಲಿ ನೋಟು ಸೇರಿತಾ, ನೆನಪಿಸಬೇಕಾ, ಇದೇ ಧ್ಯಾನ. ಜಪಸರ ಜೇಬಿನಲ್ಲೇ ಉಳಿಯಿತು. ದೋರನಹಳ್ಳಿ ಬಂತು. ನೂಕುನುಗ್ಗಲು. ಹಿಂದಿನವರು ತಳ್ಳಿದರು, ಇಳಿದೆ, ಬಸ್ ಹೊರಟಿತು. ಕೈಯಲ್ಲಿ 440 ಅಂತ ಬರೆದ ಟಿಕೆಟ್ ಮಾತ್ರ ಇತ್ತು.

ಕಳೆದದ್ದನ್ನು ಹುಡುಕಿಕೊಡುವ ಸಂತರ ಊರಿಗೆ ಕಾಲಿಟ್ಟ ಮೊದಲ ನಿಮಿಷದಲ್ಲೇ 440 ರೂಪಾಯಿ ಕಳೆದುಕೊಂಡು ನಿಂತಿದ್ದೆ. ನಗು ಬಂದಿದ್ದು ಮಧ್ಯಾಹ್ನದ ಮೇಲೆ.

ಈ ಜಾಗದ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಸುಮಾರು 200 ವರ್ಷದ ಹಿಂದೆ ಒಬ್ಬ ರೈತ ಹೊಲ ಉಳುವಾಗ ಮರದ ಒಂದು ಪ್ರತಿಮೆ ಸಿಕ್ಕಿತಂತೆ. ಏನೋ ಬೊಂಬೆ ಇರಬೇಕು ಅಂದುಕೊಂಡು ಮನೆಗೆ ತಂದು ಮಕ್ಕಳಿಗೆ ಆಡಲು ಕೊಟ್ಟನಂತೆ. ಆಮೇಲೆ ಕನಸು, ಎಚ್ಚರಿಕೆ, ಕಷ್ಟ ಎಲ್ಲ ಬಂದು, ಕೊನೆಗೆ ಅದು ಸಂತ ಅಂತೋಣಿಯವರ ಸ್ವರೂಪ ಅಂತ ಗೊತ್ತಾಗಿ ಗುಡಿ ಎದ್ದಿತು. 2019ರಲ್ಲಿ ಇದಕ್ಕೆ ಬೆಸಿಲಿಕಾ ಎಂಬ, ವಿಶೇಷ ಚರ್ಚುಗಳಿಗೆ ಪೋಪರು ಕೊಡುವ ಪದವಿಯೂ ಬಂತು. ಜೂನ್ 13ರ ಹಬ್ಬಕ್ಕೆ ಕಾಲಿಡಲು ಜಾಗ ಇರುವುದಿಲ್ಲ. ಧರ್ಮೋಪದೇಶದ ಟೀಚರ್ ಈ ಕಥೆ ಹೇಳುವಾಗ ರೈತ ಮಾಡಿದ್ದು ತಪ್ಪು ಅನ್ನುವ ದನಿಯಲ್ಲೇ ಹೇಳುತ್ತಿದ್ದರು. ನನಗೆ ಮಾತ್ರ ಯಾವಾಗಲೂ ಆ ಮಕ್ಕಳದ್ದೇ ಯೋಚನೆ. ಅವರು ಅದಕ್ಕೆ ಮಣ್ಣಿನ ಅನ್ನ ತಿನ್ನಿಸಿರಬಹುದು. ಬೈದಿರಲೂಬಹುದು. ಒಂದು ದಿನ ದೊಡ್ಡವರು ಬಂದು ಕಿತ್ತುಕೊಂಡು ಎತ್ತರದಲ್ಲಿಟ್ಟು ಕೈಮುಗಿದರು. ಆಡಲು ಕೊಟ್ಟದ್ದನ್ನು ಕಸಿದುಕೊಂಡರೆ ಮಕ್ಕಳಿಗೆ ಹೇಗಾಗಿರಬೇಕು, ಅಲ್ವಾ?

ಪೂಜೆ ಕನ್ನಡದಲ್ಲಿ, ಜನ ಎಲ್ಲ ಕಡೆಯವರು. ಕುಂಕುಮ ಇಟ್ಟವರು, ಮುಡಿ ಕೊಟ್ಟವರು, ಮಗುವನ್ನು ಸ್ವರೂಪದ ಮುಂದೆ ಎತ್ತಿ ಹಿಡಿದವರು. ಧ್ವನಿವರ್ಧಕ ಮಾತ್ರ ಜಾಸ್ತಿ ಆಯಿತು. ಅಂತೋಣಿಯವರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ ಅಂತ ಯಾರಾದರೂ ಹೇಳಬೇಕು. ನಾನು ಅಮ್ಮನ ಮೇಣದ ಬತ್ತಿ ಹಚ್ಚಿದೆ. ಏನಂತ ಬೇಡುವುದೋ ತಿಳಿಯಲಿಲ್ಲ. 'ಸರಕು ಬಂದಿಲ್ಲ, ಬಿಲ್ ಕಟ್ಟಿದ್ದೇವೆ' ಅಂತ ಹೇಳಿ ಬಂದೆ.

ಹೊರಗೆ ಕಲ್ಲುಕಟ್ಟೆಯ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ತೊಡೆಯ ಮೇಲೆ ನಾಲ್ಕೈದು ವರ್ಷದ ಮೊಮ್ಮಗಳು ಬಾಯಿ ತೆರೆದು ನಿದ್ದೆ ಹೊಡೆಯುತ್ತಿತ್ತು. ಕೆನ್ನೆಯ ಮೇಲೆ ಕಣ್ಣೀರು ಒಣಗಿದ ಗೆರೆ. ನಾನು ಉಪ್ಪುಖಾರ ಹಚ್ಚಿದ ಸೌತೆಕಾಯಿ ತೆಗೆದುಕೊಂಡು ಪಕ್ಕದಲ್ಲಿ ಕೂತೆ. (ಇಡೀ ಪ್ರವಾಸದಲ್ಲಿ ತಿಂದದ್ದರಲ್ಲಿ ರುಚಿಯಾಗಿದ್ದು ಅದೊಂದೇ.) ಅಜ್ಜಿಯ ಮುಂದೆ ಸುಮ್ನೆ ಕೂರಲು ಆಗುತ್ತದೆಯೇ?

"ಏನ್ ಹರ್ಕೆ ಮಗಾ?"

ಓಲೆಯ ಕಥೆ ಹೇಳಿದೆ. ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

"ಸರಿಯಾಗೇ ಮಾಡವ್ರಲ್ಲ ನಿಮ್ಮವ್ವ. ನಾವೇನ್ ಬೆಳೆ ಬಂದ್ಮೇಲಾ ಬಿತ್ನೆಗೆ ಪೂಜೆ ಮಾಡೋದು?"

"ಸಿಗದೇ ಹೋದ್ರೆ ಅಜ್ಜಿ?"

"ಸಿಗದಿದ್ರೆ ಸಿಗ್ನಿಲ್ಲ. ಹೋಗಿ ಬತ್ತಿ ವಾಪಸ್ ಈಸ್ಕಂಡ್ ಬರ್ತೀಯಾ?" ಎಂದು ಈಗ ನಕ್ಕರು. "ಏನ್ ಕೆಲ್ಸ ನಿಂದು?"

"ಲೆಕ್ಕ ನೋಡೋದು. ಬೇರೆಯವರು ಬರೆದದ್ದು ಸರಿ ಇದೆಯಾ ಅಂತ."

"ಓ... ಅದ್ಕೇ."

ಆ 'ಅದ್ಕೇ' ಅನ್ನುವ ಮಾತು ಅಲ್ಲಿಗೆ ನಿಂತಿತು. ನನಗೆ ಸುಮ್ಮನಿರಲು ಆಗಲಿಲ್ಲ. ಓಲೆಗೆ ಹೀಗೆ ಹೇಳಬಹುದು ಅಜ್ಜಿ, ಜೀವದ ವಿಷಯ ಬಂದರೆ? ಅಪ್ಪ ಆಸ್ಪತ್ರೆಯಲ್ಲಿದ್ದಾಗಲೂ ಅಮ್ಮ ಹರಕೆ ಹೊತ್ತಿದ್ದಳು. ಹದಿನೆಂಟು ದಿನ. ಅಪ್ಪ ಬರಲಿಲ್ಲ. ಇದನ್ನು ಯಾಕೆ ಗುರುತಿಲ್ಲದವರ ಹತ್ತಿರ ಹೇಳಿದೆನೋ. ಅಜ್ಜಿ ಉತ್ತರ ಕೊಡಲಿಲ್ಲ. ಮೊಮ್ಮಗಳ ಕಾಲ ಮೇಲೆ ಕೂತ ನೊಣ ಓಡಿಸಿದರು. ಆಮೇಲೆ ಬೇರೆಯದೇ ಮಾತು ತೆಗೆದರು.

"ಇವ್ಳು ನೋಡು. ಬಸ್ ಇಳಿದ್ ತಕ್ಷಣ ಐಸ್ ಬೇಕು ಅಂದ್ಲು. ನೆಗಡಿ ಆಗದೆ, ಕೊಡ್ಸಕ್ಕಿಲ್ಲ ಅಂದೆ. ಒಂದ್ ಗಂಟೆ ಅತ್ಲು. ಕೈ ಕಚ್ಚಿದ್ಲು." ಮುಂಗೈ ತೋರಿಸಿದರು, ಸಣ್ಣ ಹಲ್ಲಿನ ಗುರುತು ಇನ್ನೂ ಕೆಂಪಗಿತ್ತು. "ಈಗ ಎಲ್ ಬಂದ್ ಮನೀಕಂಡವ್ಳೆ ನೋಡು."

ಅಷ್ಟೇ. ಅಜ್ಜಿಯ ಬಸ್ಸು ಬಂತು. ಮಗುವನ್ನು ಹೆಗಲಿಗೆ ಹಾಕಿಕೊಂಡರು. ಅದಕ್ಕೆ ಎಚ್ಚರ ಕೂಡ ಆಗಲಿಲ್ಲ.

ಅವರು ಹೋದ ಮೇಲೆ ನಾನು ಅಲ್ಲೇ ತುಂಬ ಹೊತ್ತು ಕೂತಿದ್ದೆ. ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸು ಒಂದು ಮಗುವನ್ನು ಕರೆದು ನಡುವೆ ನಿಲ್ಲಿಸುತ್ತಾರೆ. ಇದರಂತೆ ಆಗದಿದ್ದರೆ ನಿಮಗೆ ಸ್ವರ್ಗಸಾಮ್ರಾಜ್ಯ ಇಲ್ಲ ಅನ್ನುತ್ತಾರೆ. ಈ ಭಾಗದ ಮೇಲೆ ಎಷ್ಟು ಪ್ರಬೋಧನೆ ಕೇಳಿದ್ದೇನೋ ಲೆಕ್ಕವಿಲ್ಲ. ಮಕ್ಕಳು ಹೂವಿನಂತೆ, ಮಕ್ಕಳಿಗೆ ಕಪಟ ಗೊತ್ತಿಲ್ಲ, ಹೀಗೇ ಸಾಗುತ್ತದೆ. ಪ್ರಬೋಧನೆ ಕೊಡುವ ಈ ಪಾದ್ರಿಗಳ ಮನೆಯಲ್ಲಿ ಮಕ್ಕಳಿಲ್ಲವಲ್ಲ ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಮಗು ಅಂದರೆ ಹಟ. ಮಗು ಅಂದರೆ ಕೈ ಕಚ್ಚುವುದು.

ಮೊಬೈಲ್‌ನಲ್ಲಿ ಬೈಬಲ್ ತೆಗೆದು ಕೀರ್ತನೆ 131 ಹುಡುಕಿದೆ. ಮೂರೇ ವಚನದ ಪುಟ್ಟ ಕೀರ್ತನೆ. ತಾಯಿಯ ಬಳಿ ಮೊಲೆ ಬಿಡಿಸಿದ ಕೂಸಿನ ಹಾಗೆ ನನ್ನ ಮನಸ್ಸು ಸುಮ್ಮನಿದೆ ಅನ್ನುತ್ತದೆ. ಎಷ್ಟೋ ಸಲ ಓದಿದ್ದೆ, ಹಾಲು ಕುಡಿದು ಮಲಗಿದ ಕೂಸು ಅಂತಲೇ ಕಣ್ಣಿಗೆ ಕಾಣುತ್ತಿತ್ತು. ಅಲ್ಲ. ಇದು ಹಾಲು ಬಿಡಿಸಿದ ಕೂಸು. ನಮ್ಮ ಕಡೆ ಮೊಲೆ ಬಿಡಿಸಲು ಬೇವಿನ ಎಲೆ ಅರೆದು ಹಚ್ಚುತ್ತಾರೆ. ರಾತ್ರಿಯಿಡೀ ಮನೆಗೆ ನಿದ್ದೆ ಇರುವುದಿಲ್ಲ. ಬೇಡಿ, ಕಿರುಚಿ, ಸಿಗದೆ, ಕಹಿ ಕೊಟ್ಟವಳ ಮಡಿಲಿಗೇ ಕೊನೆಗೆ ಬಂದು ಬೀಳುವ ಕೂಸು ಅದು.

ಅಪ್ಪ ಹೋದ ರಾತ್ರಿ ಅಮ್ಮ ಜಪಸರ ಹಿಡಿದು ಕೂತಿದ್ದಳು. ನನಗೆ ಅದನ್ನು ನೋಡಿ ಸಿಟ್ಟು ಬಂದಿತ್ತು. ಏನೂ ಆಗಿಲ್ಲವೇನೋ ಅನ್ನುವಂತೆ ಕೂತಿದ್ದಾಳಲ್ಲ ಅಂತ. ಜಪ ಮುಗಿಯುವ ಮುಂಚೆಯೇ ಗೋಡೆಗೆ ಒರಗಿ ನಿದ್ದೆಹೋದಳು. ಫ್ರಾನ್ಸಿನ ಲಿಸಿಯೋದ ಸಂತ ತೆರೇಸಾಗೂ ಪ್ರಾರ್ಥನೆಯ ಹೊತ್ತಿಗೆ ನಿದ್ದೆ ಬರುತ್ತಿತ್ತಂತೆ. ಮಲಗಿದ ಮಕ್ಕಳ ಮೇಲೆ ಅಪ್ಪ ಅಮ್ಮನಿಗೆ ಪ್ರೀತಿ ಕಡಿಮೆ ಆಗುತ್ತದೆಯೇ ಅಂತ ಆಕೆ ಬರೆದುಕೊಂಡಿದ್ದಾರೆ. ದೇವರ ಮುಂದೆ ಮಗುವಿನಂತಿರುವ 'ಪುಟ್ಟ ದಾರಿ' ತೋರಿಸಿದವರು ಅಂತ ಅವರ ಪಟ ಮನೆಮನೆಯಲ್ಲೂ ಗುಲಾಬಿಯ ಜೊತೆ ಇರುತ್ತದೆ. 1897ರಲ್ಲಿ ಕ್ಷಯದಿಂದ ತೀರಿಕೊಂಡಾಗ ಆಕೆಗೆ 24 ವರ್ಷ. ಕೊನೆಯ ಸುಮಾರು ಒಂದೂವರೆ ವರ್ಷ ಸ್ವರ್ಗ ಇದೆಯೋ ಇಲ್ಲವೋ ಅನ್ನುವಂಥ ಕತ್ತಲಲ್ಲಿ ಕಳೆದರು. ಪಟದಲ್ಲಿ ಅದನ್ನು ಯಾರೂ ಬರೆಯುವುದಿಲ್ಲ, ಗುಲಾಬಿ ಬರೆಯುತ್ತಾರೆ.

ಹೊರಡುವ ಮುಂಚೆ ಮತ್ತೆ ಒಳಗೆ ಹೋದೆ. ಅಂತೋಣಿಯವರು ಸಾಮಾನ್ಯರಲ್ಲ. ಲಿಸ್ಬನ್‌ನಲ್ಲಿ ಹುಟ್ಟಿ, 1231ರಲ್ಲಿ ಪದುವಾದ ಹತ್ತಿರ ತೀರಿಕೊಂಡವರು. ದೊಡ್ಡ ಪಂಡಿತರು. 1946ರಲ್ಲಿ ಪೋಪರು ಅವರನ್ನು ಧರ್ಮಸಭೆಯ ಆಚಾರ್ಯರ ಸಾಲಿಗೆ ಸೇರಿಸಿದರು. ಅವರ ಕೀರ್ತನೆಗಳ ಪುಸ್ತಕವನ್ನು ಯಾರೋ ಕದ್ದೊಯ್ದು, ಅವರು ಪ್ರಾರ್ಥಿಸಿದ ಮೇಲೆ ವಾಪಸ್ ತಂದುಕೊಟ್ಟರಂತೆ. ಕಳೆದದ್ದಕ್ಕೆಲ್ಲ ಅವರನ್ನು ಕರೆಯುವುದು ಅದಕ್ಕೇ. ಸ್ವರೂಪಗಳಲ್ಲಿ ಅವರ ಕೈಯಲ್ಲಿ ಪುಸ್ತಕ, ಬಾಲಯೇಸು ಇಬ್ಬರೂ ಇರುತ್ತಾರೆ. ಎಷ್ಟೋ ಕಡೆ ಮಗು ಆ ಪುಸ್ತಕದ ಮೇಲೆಯೇ ಕೂತಿರುತ್ತದೆ. ಓದಲು ಬಿಡುವುದಿಲ್ಲ ಅನ್ನುವ ಹಾಗೆ. ಈ ಸಲ ಮಂಡಿಯೂರಿ 440 ರೂಪಾಯಿಯ ವಿಷಯ ಹೇಳಿದೆ. ನಾಚಿಕೆ ಆಯಿತು, ಆದರೂ ಹೇಳಿದೆ. ಅಪ್ಪನ ವಿಷಯವನ್ನೂ ಹೇಳಿದೆ. ಅದು ಬೇಡಿಕೆ ಆಗಿರಲಿಲ್ಲ. ಕಚ್ಚಿದ್ದು ಅನ್ನಬಹುದು.

ವಾಪಸ್ ಬರುವಾಗ ಸರಿಯಾದ ಚಿಲ್ಲರೆ ಕೊಟ್ಟೆ. ಬೆಂಗಳೂರು ತಲುಪಿದಾಗ ರಾತ್ರಿ ಹನ್ನೊಂದು. ಅಮ್ಮ ಎದ್ದೇ ಇದ್ದಳು.

"ತೀರಿಸಿದ್ಯಾ?"

"ತೀರಿಸಿದೆ. 440 ರೂಪಾಯಿ ಕಳ್ಕೊಂಡು ಬಂದೆ."

ಕಥೆಯೆಲ್ಲ ಕೇಳಿ, "ಟಿಕೆಟ್ ಇದೆಯಲ್ಲ, ಇಟ್ಕೋ" ಅಂದಳು. ನನ್ನ ಕೈಯಿಂದ ತೆಗೆದುಕೊಂಡು ತಾನೇ ಬೈಬಲ್ ಒಳಗೆ ಇಟ್ಟಳು.

ಅವಳ ಬಲಗಿವಿಯಲ್ಲಿ ಓಲೆ ಇತ್ತು. ಎಡಗಿವಿಯಲ್ಲಿ ಓಲೆ ಕಳೆದ ದಿನದಿಂದ ಸಿಕ್ಕಿಸಿಕೊಂಡ ಬೇವಿನ ಕಡ್ಡಿ. ಅದು ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು.

"ನಾಳೆ ಬೆಳಿಗ್ಗೆ ವಾಕಿಂಗ್ ಹೋದಾಗ ಹಸಿ ಕಡ್ಡಿ ಒಂದು ಮುರ್ಕೊಂಡು ಬಾ," ಅಂದಳು. "ಓಲೆ ಸಿಗೋ ಹೊತ್ತಿಗೆ ತೂತು ಮುಚ್ಚಿಕೊಂಡಿದ್ರೆ ಏನ್ ಮಾಡೋದು?"