ಅವಳ ಮೊದಲ ಹೆಸರು

ಆ ಭಾನುವಾರ ಚರ್ಚಿನ ಆರಾಧನೆಯಲ್ಲಿ ಬೈಬಲಿನಿಂದ ವೇದಪಾಠ ಓದುವ ಸರದಿ ನನ್ನದು. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯ. ಹೇಬೆಲ, ನೋಹ, ಅಬ್ರಹಾಮ, ಸಾರಾ ಎಂದು ನಂಬಿಕೆಯಿಂದ ಬಾಳಿದವರನ್ನು ಒಬ್ಬೊಬ್ಬರಾಗಿ ನೆನೆಯುತ್ತ ಹೋಗುವ ಅಧ್ಯಾಯ. ಹಿಂದಿನ ರಾತ್ರಿ ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿಕೊಂಡಿದ್ದೆ, ಆಗ ಏನೂ ಆಗಿರಲಿಲ್ಲ. ಸಭೆಯ ಮುಂದೆ ನಿಂತು 24ನೇ ವಚನಕ್ಕೆ ಬಂದಾಗ ಮಾತ್ರ ದನಿಯೇ ಹೊರಡಲಿಲ್ಲ. ಮೋಶೆ ದೊಡ್ಡವನಾದ ಮೇಲೆ ಈಜಿಪ್ಟಿನ ಅರಸ ಫರೋಹನ ಮಗಳ ಮಗ ಎನಿಸಿಕೊಳ್ಳಲು ಒಪ್ಪಲಿಲ್ಲ ಎನ್ನುವ ವಚನ ಅದು.

ಯಾರೋ ಎದ್ದು ನೀರು ತಂದುಕೊಟ್ಟರು. ಗಂಟಲು ಕಟ್ಟಿದೆ ಅಂದುಕೊಂಡಿರಬೇಕು. ಉಳಿದದ್ದನ್ನು ಹೇಗೋ ಓದಿ ಮುಗಿಸಿ ಬಂದು ಕೂತೆ. ಪಕ್ಕದಲ್ಲಿದ್ದ ನಮ್ಮ ಮನೆಯವರು ಏನೂ ಕೇಳಲಿಲ್ಲ, ನನ್ನ ಕೈ ಹಿಡಿದುಕೊಂಡರು. ಅವರಿಗೆ ಅರ್ಥವಾಗಿತ್ತು.

ನಮ್ಮ ಮಗಳು ನಮ್ಮೊಡನೆ ಮಾತು ಬಿಟ್ಟು ಆರು ವರ್ಷವಾಯಿತು. ಎರಡು ವರ್ಷದ ಮಗುವಾಗಿದ್ದಾಗ ದತ್ತು ತೆಗೆದುಕೊಂಡವಳು. ವಿಷಯ ತಿಳಿದವರೆಲ್ಲ ನನಗೆ ಲೂಕನ ಸುವಾರ್ತೆಯ 15ನೇ ಅಧ್ಯಾಯ ಹೇಳುತ್ತಾರೆ: ತಪ್ಪಿಹೋದ ಮಗ ಒಂದು ದಿನ ಬಂದೇ ಬರುತ್ತಾನೆ, ನೀವು ದಾರಿ ನೋಡುತ್ತಿರಿ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಆ ಮಗ ತನ್ನ ಪಾಲು ಕೇಳಿ ಪಡೆದು ಹಾಳುಮಾಡಿದವನು. ನನ್ನ ಮಗಳು ಏನನ್ನೂ ಕೇಳಿ ಪಡೆಯಲಿಲ್ಲ, ಏನನ್ನೂ ಹಾಳು ಮಾಡಲಿಲ್ಲ. ಅವಳನ್ನು ಯೇಸು ಹೇಳಿದ ಆ ಸಾಮ್ಯದ ಕಥೆಯೊಳಗೆ ಕೂರಿಸಿದರೆ ತಪ್ಪೆಲ್ಲ ಅವಳದೇ ಆಗುತ್ತದೆ. ಅದು ನಿಜವಲ್ಲ.

ನಮ್ಮ ಮನೆಗೆ ಬಂದಾಗ ಅವಳಿಗೆ ಒಂದು ಹೆಸರಿತ್ತು. ಅವಳನ್ನು ಹೆತ್ತವಳು ಇಟ್ಟ ಹೆಸರು ಎಂದು ಕಾಗದದಲ್ಲಿ ಬರೆದಿತ್ತು. ದೀಕ್ಷಾಸ್ನಾನ ಮಾಡಿಸುವಾಗ ನಾವು ಬೇರೆ ಹೆಸರಿಟ್ಟೆವು, ಬೈಬಲಿನ ಹೆಸರು. ಹೊಸ ಬದುಕಿಗೆ ಹೊಸ ಹೆಸರು ಎಂದು ಸಂತೋಷಪಟ್ಟೆವು. ಮೊದಲ ಒಂದು ತಿಂಗಳು ಆ ಹೆಸರು ಹಿಡಿದು ಕರೆದರೆ ಮಗು ತಿರುಗಿ ನೋಡುತ್ತಲೇ ಇರಲಿಲ್ಲ. ಕಿವಿ ಕೇಳಿಸುವುದಿಲ್ಲವೇನೋ ಎಂದು ಡಾಕ್ಟರಿಗೂ ತೋರಿಸಿದೆವು. ಕಿವಿ ಚೆನ್ನಾಗಿಯೇ ಇತ್ತು. ಒಂದು ಮಧ್ಯಾಹ್ನ ಬಟ್ಟೆ ಮಡಚುತ್ತ ಕೂತಿದ್ದವಳು ಯಾಕೋ ಆ ಹಳೆಯ ಹೆಸರಿನಿಂದ ಕರೆದೆ. ಮೂಲೆಯಲ್ಲಿ ಆಡುತ್ತಿದ್ದವಳು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ತಟ್ಟನೆ ತಲೆಯೆತ್ತಿದಳು. ನೋಡಿದ್ದು ನನ್ನ ಕಡೆಗಲ್ಲ, ಬಾಗಿಲ ಕಡೆಗೆ.

ಆಮೇಲೆ ನಾನು ಆ ಹೆಸರನ್ನು ಬಾಯಿಗೆ ತರಲಿಲ್ಲ. ಕಾಗದವನ್ನು ಬೀರುವಿನ ತಳದಲ್ಲಿಟ್ಟೆ.

ದತ್ತು ಮಗಳು ಎಂಬುದನ್ನು ಅವಳಿಂದ ಮುಚ್ಚಿಡಲಿಲ್ಲ, ಅದರಲ್ಲಿ ನನಗೆ ಹೆಮ್ಮೆಯೂ ಇತ್ತು. ‘ದೇವರು ನಿನ್ನನ್ನು ನಮಗಾಗಿಯೇ ಕೊಟ್ಟ’ ಎಂದು ಪ್ರತಿ ಹುಟ್ಟುಹಬ್ಬಕ್ಕೂ ಹೇಳುತ್ತಿದ್ದೆ. ನಾವೆಲ್ಲ ದೇವರಿಗೆ ದತ್ತು ಮಕ್ಕಳು ಎಂಬ ಅಪೊಸ್ತಲ ಪೌಲನ ಮಾತಿನ ಮೇಲೆ ಸಭೆಯಲ್ಲಿ ಪ್ರಸಂಗ ನಡೆದಾಗಲೆಲ್ಲ ಅವಳೇ ಉದಾಹರಣೆ. ಎಲ್ಲರೂ ನಗುಮುಖದಿಂದ ಅವಳತ್ತ ತಿರುಗುತ್ತಿದ್ದರು, ಅವಳು ತಲೆ ತಗ್ಗಿಸುತ್ತಿದ್ದಳು. ನಾಚಿಕೆ ಅಂದುಕೊಂಡೆ. ಪೌಲನ ಕಾಲದ ರೋಮನ್ನರಲ್ಲಿ ದತ್ತು ಹೋಗುತ್ತಿದ್ದವರು ಬಹುಮಟ್ಟಿಗೆ ಬೆಳೆದ ಗಂಡಸರು, ಮನೆತನಕ್ಕೆ ವಾರಸುದಾರರಾಗಲು ಹೋಗುತ್ತಿದ್ದವರು ಎಂದು ಎಷ್ಟೋ ಕಾಲದ ಮೇಲೆ ಓದಿದೆ. ಬಾಗಿಲ ಕಡೆ ನೋಡುವ ಎರಡು ವರ್ಷದ ಮಗುವಿನ ಸಂಕಟ ಆ ಹೋಲಿಕೆಯಲ್ಲಿ ಇರಲೇ ಇಲ್ಲ.

22ನೇ ವಯಸ್ಸಿನಲ್ಲಿ ಯಾವುದೋ ದಾಖಲೆ ಹುಡುಕುವಾಗ ಆ ಕಾಗದ ಅವಳ ಕೈಗೆ ಸಿಕ್ಕಿತು. ‘ಇದು ನನ್ನ ಹೆಸರಾ?’ ಎಂದು ಕೇಳಿದಳು. ನಾನು ಮತ್ತೆ ಅದೇ ಮಾತು ಹೇಳಿದೆ, ದೇವರು ನಿನ್ನನ್ನು ನಮಗೆ ಕೊಟ್ಟ ಎಂದು.

‘ನಿಮಗೆ ಕೊಡಬೇಕಾದರೆ ಇನ್ನೊಬ್ಬಳಿಂದ ಕಿತ್ತುಕೊಳ್ಳಬೇಕಿತ್ತಲ್ಲಮ್ಮ. ಅದನ್ನೂ ದೇವರೇ ಮಾಡಿದನಾ?’

ಆಗ ಸುಮ್ಮನೆ ಕೂತು ಕೇಳಿಸಿಕೊಳ್ಳಬೇಕಿತ್ತು. ನಾನು ವಚನ ಹೇಳಿದೆ. ಅವಳು ಅತ್ತಳು, ನಾನು ಇನ್ನೊಂದು ವಚನ ಹೇಳಿದೆ. ಮುಂದಿನ ತಿಂಗಳುಗಳ ಮಾತು, ಬಿರುಸು, ಮೌನ ಎಲ್ಲವನ್ನೂ ಇಲ್ಲಿ ಬರೆಯಲಾರೆ. ಅವಳು ಮನೆ ಬಿಟ್ಟು ಹೋದ ಆರು ತಿಂಗಳಿಗೆ ಫೋನಿಗೆ ಒಂದು ಮೆಸೇಜು ಬಂತು: ‘ಚೆನ್ನಾಗಿದ್ದೇನೆ. ನನ್ನನ್ನು ಹುಡುಕಬೇಡಿ.’ ಕೆಳಗೆ ಆ ಮೊದಲ ಹೆಸರು.

ತೀರಿಕೊಂಡವರಿಗಾದರೆ ಸಭೆಯಲ್ಲಿ ಪ್ರಾರ್ಥನೆಯಿದೆ, ಹಾಡಿದೆ, ಮನೆಗೆ ಬಂದು ಕೂರುವವರಿದ್ದಾರೆ. ಬದುಕಿರುವ ಮಗಳಿಗಾಗಿ ಅಳುವವರಿಗೆ ಏನೂ ಇಲ್ಲ. ‘ಮಗಳು ಹೇಗಿದ್ದಾಳೆ?’ ಎಂದರೆ ‘ಚೆನ್ನಾಗಿದ್ದಾಳೆ’ ಎನ್ನುತ್ತೇನೆ. ನನಗೆ ಗೊತ್ತಿರುವುದು ಆ ಒಂದು ಮೆಸೇಜಿನಷ್ಟೇ. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಪಾಲಿನ್ ಬಾಸ್ ಎಂಬ ಅಮೆರಿಕದ ವಿದ್ವಾಂಸರು ಹೀಗೆ ಕೊನೆ ಕಾಣದ ಅಗಲಿಕೆಗೆ ಒಂದು ಹೆಸರನ್ನೇ ಕೊಟ್ಟರು, ಅಸ್ಪಷ್ಟ ನಷ್ಟ ಎಂಬರ್ಥದ ಹೆಸರು. ಅದನ್ನು ಓದಿದ ದಿನ, ನನಗೊಬ್ಬಳಿಗೇ ಹೀಗಾಗುತ್ತಿಲ್ಲವಲ್ಲ ಎಂದು ತುಸು ಉಸಿರಾಡಿದ್ದೆ.

ಆರಾಧನೆ ಮುಗಿಸಿ ಮನೆಗೆ ಬಂದು ವಿಮೋಚನಕಾಂಡದ 2ನೇ ಅಧ್ಯಾಯ ತೆಗೆದೆ. ನದಿಯಲ್ಲಿ ಜೊಂಡಿನ ಪೆಟ್ಟಿಗೆ, ಅದರೊಳಗೆ ಅಳುವ ಕೂಸು. ಫರೋಹನ ಮಗಳು ನೋಡಿದ ಕೂಡಲೇ ಇದು ಇಬ್ರಿಯರ ಮಗು ಎನ್ನುತ್ತಾಳೆ. ಹಾಲೂಡಿಸಲು ಬಂದವಳು ಹೆತ್ತ ತಾಯಿಯೇ, ಅವಳಿಗೆ ಸಂಬಳ ಕೊಟ್ಟು ಮಗುವನ್ನು ಒಪ್ಪಿಸುತ್ತಾಳೆ. ಮಗು ಬೆಳೆದು ತನ್ನ ಮಗನಾದಾಗ, ನೀರಿನಿಂದ ಎಳೆದೆನು ಎಂದು ಹೇಳಿ ಮೋಶೆ ಎಂದು ಹೆಸರಿಡುತ್ತಾಳೆ. ಎಲ್ಲಿಂದ ಬಂದವನು ಎಂಬುದು ಕರೆದಾಗಲೆಲ್ಲ ಅವನ ಕಿವಿಗೆ ಬೀಳುವಂಥ ಹೆಸರು. ಅಲ್ಲಿಗೆ ಆಕೆಯ ಕಥೆ ಮುಗಿಯಿತು. ಅವನು ಅರಮನೆ ಬಿಟ್ಟು ಹೋದ ರಾತ್ರಿ ಆಕೆ ಏನು ಮಾಡಿದಳು ಎಂದು ಬೈಬಲು ಹೇಳುವುದಿಲ್ಲ. ಇಷ್ಟು ವರ್ಷ ಕ್ರೈಸ್ತಳಾಗಿ ಬಾಳಿಯೂ ನಾನು ಒಂದು ಸಲವೂ ಕೇಳಿಕೊಂಡಿರಲಿಲ್ಲ.

ಆದರೆ ಮುಂದಿನ ಅಧ್ಯಾಯದಲ್ಲಿ, ಉರಿಯುವ ಪೊದೆಯೊಳಗಿಂದ ದೇವರು ಅವನನ್ನು ಕರೆಯುವುದು ಆಕೆ ಇಟ್ಟ ಹೆಸರಿನಿಂದಲೇ. ‘ಮೋಶೇ, ಮೋಶೇ’ ಎಂದು ಎರಡು ಸಲ. ಅಲ್ಲಿ ತುಂಬ ಹೊತ್ತು ನಿಂತೆ. ಆಕೆ ಮುಚ್ಚಿಡದೆ ಇಟ್ಟ ಹೆಸರು ಅದು. ನಾನು ಇಟ್ಟ ಹೆಸರು ಒಂದನ್ನು ಮುಚ್ಚಿಡಲೆಂದೇ ಇಟ್ಟದ್ದು.

ನಮ್ಮ ಮನೆಯ ದೊಡ್ಡ ಬೈಬಲಿನ ಮೊದಲ ಪುಟದಲ್ಲಿ ಎಲ್ಲರ ಹೆಸರು, ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ ಬರೆದಿಟ್ಟಿದ್ದೇವೆ. ಅವಳ ಸಾಲಿನ ಪಕ್ಕದಲ್ಲಿ ತುಸು ಜಾಗವಿತ್ತು. ಪೆನ್ನು ತೆಗೆದುಕೊಂಡೆ. ಮೊದಲ ಅಕ್ಷರ ಬರೆದ ಮೇಲೆ ಕೈ ನಿಂತಿತು. ಎರಡನೆಯ ಅಕ್ಷರ ಹ್ರಸ್ವವೋ ದೀರ್ಘವೋ ನನಗೆ ನೆನಪಿರಲಿಲ್ಲ. ಕಾಗದವನ್ನು ಅವಳು ತೆಗೆದುಕೊಂಡು ಹೋಗಿದ್ದಳು. ಫೋನಿನಲ್ಲಿ ಆ ಮೆಸೇಜು ತೆರೆದು, ಕನ್ನಡಕ ಹಾಕಿಕೊಂಡು, ಅವಳು ಹೇಗೆ ಬರೆದಿದ್ದಾಳೆ ಎಂದು ನೋಡಿ, ಹಾಗೆಯೇ ಬರೆದೆ.